ಕುರ್ಚಿ ಎತ್ತರವಾದಷ್ಟೂ ಕಿವಿ ಮಂದ

“ಕ್ವಾಲಿಟಿಯವರು ಇವತ್ತು ಎರಡು ವಿಷಯ ಹೇಳೋಕೆ ಬಂದಿದ್ರು ಸರ್. ಎರಡನೇದು ಏನು?”

ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಪ್ಲಾಂಟ್ ಹೆಡ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಗಿನ ಪ್ರೊಡಕ್ಷನ್ ಮೀಟಿಂಗ್ ಮುಗಿದು ಎಲ್ಲರೂ ಎದ್ದುಹೋದ ಮೇಲೆ, ಅಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಕೋಚ್ ಈ ಪ್ರಶ್ನೆ ಕೇಳಿದರು. ಮೊದಲನೆಯದು ನನಗೆ ಚೆನ್ನಾಗಿ ನೆನಪಿತ್ತು. ಎರಡನೇ ಶಿಫ್ಟಿನಲ್ಲಿ ರಿಜೆಕ್ಷನ್ ಜಾಸ್ತಿಯಾಗಿದೆ ಎಂದಿದ್ದರು. ಅದಕ್ಕೆ ಯಾರನ್ನು ಕೇಳಬೇಕೋ ಕೇಳಿ, ಯಾರಿಗೆ ಹೇಳಬೇಕೋ ಹೇಳಿ ಮುಂದಿನ ವಿಷಯಕ್ಕೆ ದಾಟಿದ್ದೆ. ಎರಡನೆಯದು? ಅವರು ಬಾಯಿ ತೆರೆದದ್ದು ಕಣ್ಣಿಗೆ ಕಟ್ಟಿದಂತಿತ್ತು. ಮಾತು ಮಾತ್ರ ನೆನಪಿರಲಿಲ್ಲ, ಏಕೆಂದರೆ ಅದನ್ನು ಆಡಲು ನಾನು ಬಿಟ್ಟೇ ಇರಲಿಲ್ಲ.

ಶಾಪ್ ಫ್ಲೋರಿಗೆ ಇಳಿದುಹೋಗಿ ಅವರನ್ನೇ ಕೇಳಿದೆ. ಒಂದು ಹೌಸಿಂಗಿನ ಬೋರ್ ಪರೀಕ್ಷಿಸುವ ಪ್ಲಗ್ ಗೇಜ್ ಸವೆದಿರಬೇಕು ಎಂಬುದು ಅವರ ಅನುಮಾನ. ಗೇಜಿನ ‘ಗೋ’ ತುದಿ ಸವೆದರೆ ಅದು ಅಳತೆಗಿಂತ ಚಿಕ್ಕದಾದ ಬೋರಿನೊಳಕ್ಕೂ ಸಲೀಸಾಗಿ ಇಳಿಯುತ್ತದೆ. ತಿರಸ್ಕರಿಸಬೇಕಾದ ಮಾಲು ಪಾಸಾಗುತ್ತದೆ. ಹಾಗೆ ಪಾಸಾದದ್ದು ಆಗಲೇ ಡಿಸ್ಪ್ಯಾಚ್‌ನಲ್ಲಿ ಪ್ಯಾಕ್ ಆಗುತ್ತಿತ್ತು. “ನಿನ್ನೆಯೂ ಹೇಳೋಕೆ ನೋಡ್ದೆ ಸರ್,” ಎಂದರು, ತಪ್ಪು ತಮ್ಮದೇ ಎಂಬಂತೆ. ಟೂಲ್ ರೂಮಿನಲ್ಲಿ ಮೈಕ್ರೋಮೀಟರ್ ಹಿಡಿದು ನೋಡಿದರೆ ಗೇಜ್ ನಿಜಕ್ಕೂ ಸವೆದಿತ್ತು. ಆ ಲಾಟ್ ತಡೆದೆವು.

ಎಕ್ಸಿಕ್ಯೂಟಿವ್ ಕೋಚಿಂಗ್‌ನಿಂದ ಏನು ಉಪಯೋಗ ಎಂದು ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಗೇಜ್. ಹುದ್ದೆ ಏರಿದಂತೆಲ್ಲ ನಮ್ಮ ಕಿವಿಗೆ ಬೀಳುವ ನಿಜ ಕಡಿಮೆಯಾಗುತ್ತ ಬರುತ್ತದೆ. ‘ಸರ್’ ಎಂದು ಶುರುವಾಗುವ ಮಾತು ನಮ್ಮ ಮುಖ ನೋಡಿ ಅರ್ಧದಲ್ಲೇ ತನ್ನನ್ನು ತಿದ್ದಿಕೊಳ್ಳುತ್ತದೆ. ಕೇಳದೇ ಹೋದದ್ದು ಏನು ಎಂಬುದೂ ನಮಗೆ ತಿಳಿಯುವುದಿಲ್ಲ. ಅದನ್ನು ಕೇಳುವಂತೆ ಮಾಡಲು ಒಬ್ಬರು ಬೇಕು, ಮತ್ತು ಅವರಿಗೆ ನಮ್ಮಿಂದ ಇನ್‌ಕ್ರಿಮೆಂಟ್ ಆಗಬೇಕಾಗಿರಬಾರದು. ಇಷ್ಟು ಸರಳವಾದ ಕೆಲಸದ ಸುತ್ತ ಎಷ್ಟೊಂದು ತಪ್ಪು ಕಲ್ಪನೆಗಳು ಬೆಳೆದಿವೆ ಎಂದರೆ, ಬೇಕಾದವರು ದೂರ ಸರಿಯುತ್ತಾರೆ, ತೆಗೆದುಕೊಂಡವರು ಸಿಗಲಾರದ್ದನ್ನು ಬಯಸುತ್ತಾರೆ.

“ಏನೋ ಎಡವಟ್ಟಾಗಿದೆ, ಅದಕ್ಕೇ ಕೋಚ್ ಹಾಕಿದ್ದಾರೆ”

ಎಚ್‌ಆರ್‌ನವರು ಕರೆದು ನಿಮಗೊಬ್ಬ ಕೋಚ್ ಗೊತ್ತುಮಾಡಿದ್ದೇವೆ ಎಂದಾಗ ನನ್ನ ಎದೆಯಲ್ಲಿ ಎದ್ದ ಮಾತೂ ಇದೇ. ಎರಡು ದಿನ ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ.

ಈ ನಂಬಿಕೆ ಬುಡವಿಲ್ಲದ್ದಲ್ಲ. ಕೆಲಸದಲ್ಲಿ ಗಟ್ಟಿಗ, ಆದರೆ ಜೊತೆಗಿರುವವರನ್ನೆಲ್ಲ ಸುಡುವ ಸ್ವಭಾವ. ಅಂಥ ಮೇಲಧಿಕಾರಿಯನ್ನು ಸರಿಪಡಿಸಲೆಂದೇ ಕಂಪನಿಗಳು ಕೋಚ್‌ಗಳನ್ನು ಕರೆಯುತ್ತಿದ್ದ ಕಾಲವೊಂದಿತ್ತು. ಕಾಲ ಬದಲಾಗಿ ಬಹಳ ವರ್ಷವಾಯಿತು. 2009ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ 140 ಕೋಚ್‌ಗಳನ್ನು ವಿಚಾರಿಸಿದಾಗ, ತಮ್ಮನ್ನು ಕರೆಸಿಕೊಳ್ಳುವ ಮುಖ್ಯ ಕಾರಣವಾಗಿ 48 ಶೇಕಡ ಮಂದಿ ಹೇಳಿದ್ದು ಚೆನ್ನಾಗಿ ಬೆಳೆಯಬಲ್ಲವರನ್ನು ಇನ್ನಷ್ಟು ಬೆಳೆಸುವುದು ಅಥವಾ ಹೊಸ ಹುದ್ದೆಗೆ ಹೊಂದಿಸುವುದು ಎಂದು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕೆಂಬುದು 26 ಶೇಕಡ. ದಾರಿ ತಪ್ಪಿದ ನಡವಳಿಕೆ ತಿದ್ದುವುದು ಬರೀ 12 ಶೇಕಡ.

ಎರಿಕ್ ಶ್ಮಿಟ್ 2001ರಲ್ಲಿ ಗೂಗಲ್‌ನ ಮುಖ್ಯಸ್ಥರಾಗಿ ಬಂದರು. ಹೂಡಿಕೆದಾರ ಜಾನ್ ಡೋರ್ ಒಬ್ಬ ಕೋಚ್ ಇಟ್ಟುಕೊಳ್ಳಿ ಎಂದಾಗ ಅವರಿಗೆ ಅದು ಹಿಡಿಸಲಿಲ್ಲ. ಇಷ್ಟು ವರ್ಷ ಕಂಪನಿಗಳನ್ನು ನಡೆಸಿಕೊಂಡು ಬಂದವನಿಗೆ ಕೋಚ್ ಯಾಕೆ ಎಂಬ ಪ್ರಶ್ನೆ. ಆದರೂ ಬಿಲ್ ಕ್ಯಾಂಪ್‌ಬೆಲ್ ಎಂಬುವರ ಜೊತೆ ಕೂರಲು ಒಪ್ಪಿದರು. ತಮಗೆ ಸಿಕ್ಕ ಅತ್ಯುತ್ತಮ ಸಲಹೆ ಅದೇ ಎಂದು ಎಷ್ಟೋ ವರ್ಷದ ಮೇಲೆ ತಾವಾಗಿಯೇ ಹೇಳಿದರು. 2016ರಲ್ಲಿ ಕ್ಯಾಂಪ್‌ಬೆಲ್ ತೀರಿಕೊಂಡ ಮೇಲೆ, ಅವರಿಂದ ಕಲಿತದ್ದನ್ನು ಇಬ್ಬರು ಸಹೋದ್ಯೋಗಿಗಳೊಡನೆ ಸೇರಿ ಒಂದು ಪುಸ್ತಕವನ್ನೇ ಬರೆದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಪಾಲುಗೊಂಡಿದ್ದ 2013ರ ಸಮೀಕ್ಷೆಯೊಂದು ನನ್ನನ್ನು ಇಂದಿಗೂ ಕಾಡುತ್ತದೆ. ಹತ್ತಿರ ಹತ್ತಿರ ಮೂರನೇ ಎರಡು ಭಾಗ ಸಿಇಒಗಳಿಗೆ ಹೊರಗಿನ ಕೋಚ್ ಆಗಲಿ ಸಲಹೆಗಾರರಾಗಲಿ ಇರಲಿಲ್ಲ. ಅಂಥ ಸಲಹೆ ಪಡೆಯುವುದು ಇಷ್ಟವೇ ಎಂದರೆ ಬಹುತೇಕ ಎಲ್ಲರೂ ಹೌದು ಎಂದರು. ಬೇಕು, ಆದರೆ ಕೇಳಲಾರೆ. ಕೇಳಿದರೆ ಸೋತೆ ಎಂದುಕೊಳ್ಳುತ್ತಾರೆ ಎಂಬ ಅಳುಕು ಅಷ್ಟು ಮೇಲಿನವರಲ್ಲೂ ಇತ್ತೇನೋ.

“ಕೋಚ್ ಅಂದರೆ ಹೇಳಿಕೊಡುವವರು”

ಕೋಚಿಂಗ್ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಧಾರವಾಡ, ಬೆಂಗಳೂರಿನ ವಿಜಯನಗರ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು, ಕಿಕ್ಕಿರಿದ ಕ್ಲಾಸು, ನೋಟ್ಸು. ಅಲ್ಲಿ ಗೊತ್ತಿರುವವರು ಹೇಳುತ್ತಾರೆ, ಗೊತ್ತಿಲ್ಲದವರು ಬರೆದುಕೊಳ್ಳುತ್ತಾರೆ. ಅದೇ ಚಿತ್ರ ಇಟ್ಟುಕೊಂಡು ಎಕ್ಸಿಕ್ಯೂಟಿವ್ ಕೋಚ್ ಎದುರು ಕೂತವರು ಮೊದಲ ದಿನವೇ ನಿರಾಶರಾಗುತ್ತಾರೆ. ಹೇಳುವುದಿರಲಿ, ಅವರು ಬರೀ ಕೇಳುತ್ತಾರೆ.

ಪದದ ಹಿಂದಿನ ಕತೆ ಸ್ವಾರಸ್ಯವಾಗಿದೆ. ಹಂಗೆರಿಯಲ್ಲಿ ಕೊಚ್ ಎಂಬ ಊರು. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡು ಇಂಗ್ಲಿಷಿಗೆ ಬಂದು ಕೋಚ್ ಆಯಿತು. ನಮ್ಮ ರೈಲಿನ ಕೋಚ್ ಕೂಡ ಅದೇ ಪದ. 1830ರ ದಶಕದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟರನ್ನು ಆಡುಮಾತಿನಲ್ಲಿ ಕೋಚ್ ಎನ್ನತೊಡಗಿದರು. ಗಾಡಿಯಂತೆ ಹೊತ್ತು ದಾಟಿಸುವವರು. ಆಟದ ಮೈದಾನಕ್ಕೆ ಪದ ಹೋದದ್ದು ಆಮೇಲೆ.

ಈಗಿನ ಅರ್ಥದ ಕೋಚಿಂಗ್ ಬಂದದ್ದು ಟೆನಿಸ್ ಅಂಕಣದಿಂದ. 1974ರಲ್ಲಿ ತಿಮೊತಿ ಗಾಲ್ವೆ ಎಂಬ ಅಮೆರಿಕದ ಟೆನಿಸ್ ಶಿಕ್ಷಕರು ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಬರೆದರು. ರಾಕೆಟ್ ಹೀಗೆ ಹಿಡಿ, ಮೊಣಕೈ ಹಾಗಿಡು ಎಂದು ಹೇಳಿದಷ್ಟೂ ಕಲಿಯುವವರ ಮೈ ಬಿಗಿಯಾಗುತ್ತದೆ ಎಂಬುದನ್ನು ಅವರು ಕಂಡಿದ್ದರು. ಅದಕ್ಕೆ ಹೇಳುವುದನ್ನು ಬಿಟ್ಟು ಒಂದು ಸಣ್ಣ ಕೆಲಸ ಕೊಟ್ಟರು. ಚೆಂಡು ನೆಲಕ್ಕೆ ಬಿದ್ದು ಪುಟಿದಾಗ ‘ಬೌನ್ಸ್’ ಅನ್ನಬೇಕು, ರಾಕೆಟ್ಟಿಗೆ ತಾಗಿದಾಗ ‘ಹಿಟ್’ ಅನ್ನಬೇಕು. ಅಷ್ಟೇ. ಗಮನ ತನ್ನ ಮೇಲಿಂದ ಚೆಂಡಿಗೆ ಹೊರಳಿದ್ದೇ ತಡ, ಹೊಡೆತ ತಾನಾಗಿ ಸುಧಾರಿಸುತ್ತಿತ್ತು.

ಗಾಲ್ವೆ ಅವರ ಈ ವಿಚಾರವನ್ನು ಕಚೇರಿಗಳಿಗೆ ತಂದವರಲ್ಲಿ ಮುಖ್ಯರು ಬ್ರಿಟನ್ನಿನ ಜಾನ್ ವಿಟ್ಮೋರ್. ಮೊದಲು ಕಾರ್ ರೇಸ್ ಚಾಲಕರಾಗಿದ್ದವರು. 1992ರ ಅವರ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಪುಸ್ತಕದಿಂದ ಹೆಸರಾದ ‘ಗ್ರೋ’ ಪದ್ಧತಿಯನ್ನು ಕೋಚ್‌ಗಳು ಇಂದಿಗೂ ಬಳಸುತ್ತಾರೆ. ಏನಾಗಬೇಕು, ಈಗ ಏನಾಗುತ್ತಿದೆ, ಯಾವ ಯಾವ ದಾರಿಗಳಿವೆ, ಅದರಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ. ನೋಡಲು ತೀರಾ ಸಾಮಾನ್ಯ. ಎರಡನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ನಾನೂ ಅಲ್ಲೇ ಸಿಕ್ಕಿಬಿದ್ದೆ. “ನನ್ನ ಟೀಮ್ ಮುಕ್ತವಾಗಿ ಮಾತಾಡಬೇಕು” ಎಂದು ಮೊದಲನೆಯದಕ್ಕೆ ಧೈರ್ಯವಾಗಿ ಉತ್ತರಿಸಿದ್ದೆ. “ಈ ವಾರ ನಿಮ್ಮ ಮಾತನ್ನು ಒಪ್ಪದೆ ಯಾರು ಮಾತಾಡಿದ್ರು?” ಎಂದು ಕೋಚ್ ಕೇಳಿದಾಗ ಒಂದು ಹೆಸರೂ ಹೊಳೆಯಲಿಲ್ಲ. ಅವರೂ ಏನೂ ಹೇಳಿಕೊಡಲಿಲ್ಲ. ಕಿಟಕಿಯಾಚೆ ಫೋರ್ಕ್‌ಲಿಫ್ಟ್ ರಿವರ್ಸ್ ತೆಗೆದುಕೊಳ್ಳುವ ಸದ್ದು ಬರುತ್ತಿತ್ತು. ಅದು ನಿಲ್ಲುವವರೆಗೂ ಇಬ್ಬರೂ ಸುಮ್ಮನಿದ್ದೆವು.

ಏನು ಮಾಡಬೇಕೆಂಬ ತಜ್ಞರ ಸಲಹೆ ಬೇಕಿದ್ದರೆ ಕನ್ಸಲ್ಟೆಂಟ್ ಇದ್ದಾರೆ. ಅದೇ ದಾರಿಯಲ್ಲಿ ನಡೆದು ಬಂದವರ ಅನುಭವ ಬೇಕಿದ್ದರೆ ಮಾರ್ಗದರ್ಶಕರಾಗಬಲ್ಲ ಹಿರಿಯರನ್ನು ಹಿಡಿಯಬೇಕು. ಇವರ ಕೆಲಸವನ್ನು ಕೋಚ್ ಮಾಡಲಿಲ್ಲ ಎಂದು ದೂರುವುದು ತರವಲ್ಲ.

“ನಮ್ಮ ಕಸುಬೇ ಗೊತ್ತಿಲ್ಲದವರು ನಮಗೇನು ಹೇಳುತ್ತಾರೆ?”

2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಗುಕೇಶ್ 18ನೇ ವಯಸ್ಸಿಗೆ ಚೆಸ್ ವಿಶ್ವ ಚಾಂಪಿಯನ್ ಆದರು. ಅವರ ಬೆನ್ನಿಗಿದ್ದವರಲ್ಲಿ ಪ್ಯಾಡಿ ಅಪ್ಟನ್ ಕೂಡ ಒಬ್ಬರು. 2011ರಲ್ಲಿ ವಿಶ್ವಕಪ್ ಗೆದ್ದ ನಮ್ಮ ಕ್ರಿಕೆಟ್ ತಂಡದ ಮಾನಸಿಕ ತಯಾರಿ ನೋಡಿಕೊಂಡ ದಕ್ಷಿಣ ಆಫ್ರಿಕಾದವರು ಇವರೇ. ಅಪ್ಟನ್ ಚೆಸ್ ಆಟಗಾರರಲ್ಲ. ಕಾಯಿ ನಡೆಸುವುದನ್ನು ನೋಡಿಕೊಳ್ಳಲು ಗ್ರ್ಯಾಂಡ್‌ಮಾಸ್ಟರ್‌ಗಳ ತಂಡವೇ ಇತ್ತು. ಒತ್ತಡದಲ್ಲಿ ತಲೆ ತಣ್ಣಗಿಟ್ಟುಕೊಳ್ಳುವುದು, ಸೋತ ಮರುದಿನ ಮತ್ತೆ ಹಲಗೆಯೆದುರು ಕೂರುವುದು, ಇದು ಬೇರೆಯದೇ ವಿದ್ಯೆ.

ಕ್ಯಾಂಪ್‌ಬೆಲ್ ಕೂಡ ಹಿಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಂಡದ ಕೋಚ್ ಆಗಿದ್ದವರು. ಆರು ವರ್ಷದಲ್ಲಿ ಗೆದ್ದದ್ದು 12 ಪಂದ್ಯ, ಸೋತದ್ದು 41. ಎಂಜಿನಿಯರಿಂಗ್ ಓದಿದವರಲ್ಲ. ಹೌದು, ಮುಂದೆ ಇನ್‌ಟ್ಯೂಟ್ ಕಂಪನಿಯ ಸಿಇಒ ಆಗಿದ್ದರು, ವ್ಯವಹಾರ ಬಲ್ಲವರಾಗಿದ್ದರು. ಆದರೆ ಗೂಗಲ್‌ನ ಎಂಜಿನಿಯರುಗಳಿಗೆ ಅವರು ಕೊಟ್ಟದ್ದು ಕೋಡ್ ಬರೆಯುವ ಉಪಾಯವನ್ನಲ್ಲ.

ಹಾಗಂತ ಕಸುಬು ಬಲ್ಲವರು ಬೇಡವೇ ಬೇಡ ಎಂದರೆ ಅದೂ ತಪ್ಪು. ಅಮೆರಿಕದಲ್ಲಿರುವ ಭಾರತ ಮೂಲದ ಶಸ್ತ್ರವೈದ್ಯ ಅತುಲ್ ಗವಾಂಡೆ 2011ರಲ್ಲಿ ದಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದದ್ದನ್ನು ನೋಡಿ. ಎಂಟು ವರ್ಷ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ತಮ್ಮ ಕೌಶಲ ಒಂದು ಮಟ್ಟದಲ್ಲಿ ನಿಂತುಹೋಗಿದೆ ಎನ್ನಿಸಿ, ತಮಗೆ ಕಲಿಸಿದ್ದ ನಿವೃತ್ತ ಶಸ್ತ್ರವೈದ್ಯ ರಾಬರ್ಟ್ ಆಸ್ಟೀನ್ ಅವರನ್ನು ಆಪರೇಷನ್ ಥಿಯೇಟರಿಗೆ ಕರೆದರು. ಥೈರಾಯ್ಡ್ ಶಸ್ತ್ರಚಿಕಿತ್ಸೆ. ಎಲ್ಲ ಸುಸೂತ್ರವಾಗಿ ನಡೆಯಿತು ಎಂದು ಗವಾಂಡೆ ಅಂದುಕೊಂಡಿದ್ದರು. ಆಸ್ಟೀನ್ ಪುಟ್ಟ ಪುಸ್ತಕ ತೆಗೆದರು. ರೋಗಿಯ ಮೇಲೆ ಬಟ್ಟೆ ಹೊದಿಸಿದ ರೀತಿ ಗವಾಂಡೆ ನಿಂತ ಕಡೆಗೆ ಅನುಕೂಲವಾಗಿತ್ತು, ಎದುರಿಗಿದ್ದ ಸಹಾಯಕರ ಕೈ ಆಡಲು ಜಾಗ ಸಾಲುತ್ತಿರಲಿಲ್ಲ. ಮೊಣಕೈ ಆಗಾಗ ಭುಜದ ಮಟ್ಟಕ್ಕೆ ಏಳುತ್ತಿತ್ತು, ಅಂದರೆ ನಿಂತ ನಿಲುವು ಸರಿಯಿಲ್ಲ. ಸುಮಾರು ಅರ್ಧ ಗಂಟೆ ದೀಪದ ಬೆಳಕು ಗಾಯದ ಮೇಲಿಂದ ಸರಿದುಹೋಗಿತ್ತು, ಅತ್ತಿತ್ತಲಿಂದ ಪ್ರತಿಫಲಿಸಿ ಬಂದ ಬೆಳಕಿನಲ್ಲೇ ಕೆಲಸ ನಡೆದಿತ್ತು. ಗವಾಂಡೆ ಇದಾವುದನ್ನೂ ಗಮನಿಸಿರಲಿಲ್ಲ. ಇದನ್ನು ಹಿಡಿಯಲು ಶಸ್ತ್ರವೈದ್ಯರ ಕಣ್ಣೇ ಬೇಕಿತ್ತು.

ಕೈಯ ಕೆಲಸ ತಿದ್ದಬೇಕಾದಲ್ಲಿ ಅದೇ ಕಸುಬಿನ ಕಣ್ಣು ಬೇಕು. ಜನರೊಡನೆ ನಡೆದುಕೊಳ್ಳುವ ರೀತಿ ತಿದ್ದಬೇಕಾದಲ್ಲಿ ಹೊರಗಿನ ಕಣ್ಣೇ ಮೇಲು ಎಂಬುದು ನನ್ನ ಅನುಭವ. ನನ್ನ ಕೋಚ್ ಬ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರು. ಪ್ಲಗ್ ಗೇಜ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ದಿನ ಅವರೂ ನನ್ನ ಜೊತೆ ರಿಜೆಕ್ಷನ್ ಲೆಕ್ಕದಲ್ಲೇ ಮುಳುಗಿರುತ್ತಿದ್ದರು. ಗೊತ್ತಿಲ್ಲದ್ದರಿಂದಲೇ ಅವರು ಮಾತು ಬಿಟ್ಟು ಮನುಷ್ಯರ ಮುಖ ನೋಡುತ್ತಿದ್ದರು.

“ಅಲ್ಲಿ ಹೇಳಿದ್ದೆಲ್ಲ ಎಚ್‌ಆರ್‌ಗೆ ಹೋಗುತ್ತದೆ”

ಹೋಗಬಾರದು. ಕೆಲವು ಕಡೆ ಹೋಗುತ್ತದೆ. ಆದ್ದರಿಂದ ಈ ಭಯವನ್ನು ಬರೀ ತಪ್ಪು ಕಲ್ಪನೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಣ ಕೊಡುವುದು ಕಂಪನಿ, ಮಾತಾಡುವುದು ನೀವು. ಹೀಗಾಗಿ ಶುರುವಿನಲ್ಲೇ ಕಂಪನಿ, ಕೋಚ್ ಮತ್ತು ನೀವು ಮೂವರೂ ಕೂತು ಯಾವುದು ಯಾರಿಗೆ ತಿಳಿಯಬೇಕು ಎಂದು ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಯಾವ ಗುರಿಗಾಗಿ ಕೋಚಿಂಗ್, ಎಷ್ಟು ಸಲ ಭೇಟಿಯಾಯಿತು, ಇಷ್ಟು ಕಂಪನಿಗೆ ತಿಳಿಯಬಹುದು. ಒಳಗಿನ ಮಾತು ಒಳಗೇ ಉಳಿಯಬೇಕು; ಪ್ರಾಣಾಪಾಯ, ಕಾನೂನಿನ ಅಗತ್ಯ ಇಂಥವು ಮಾತ್ರ ಬೇರೆ. ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ನೀತಿಸಂಹಿತೆಯೂ ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು ಎನ್ನುತ್ತದೆ.

ನನ್ನ ಪರಿಚಯದವರೊಬ್ಬರು ತಮ್ಮ ಕೋಚ್ ಹತ್ತಿರ, ಹೊಸ ಜವಾಬ್ದಾರಿ ಹೊರಲು ಭಯವಾಗುತ್ತಿದೆ ಎಂದು ಹೇಳಿಕೊಂಡಿದ್ದರು. ಪ್ರಮೋಷನ್ ಚರ್ಚೆಯಲ್ಲಿ ಅದೇ ಮಾತು ಬೇರೆಯವರ ಬಾಯಿಂದ ಬಂತು. ಅಲ್ಲಿಂದಾಚೆಗೆ ಆ ಕಂಪನಿಯಲ್ಲಿ ಕೋಚ್ ಎದುರು ಕೂತವರೆಲ್ಲ ಹವಾಮಾನ, ಟ್ರಾಫಿಕ್ ಮಾತಾಡಿ ಎದ್ದು ಬರತೊಡಗಿದರು. ಒಂದು ಸಲ ಸೋರಿದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ, ಕಂಪನಿಯ ದುಡ್ಡೂ ಹೋಗುತ್ತದೆ.

“ಒಂದು ರೂಪಾಯಿ ಹಾಕಿದರೆ ಐದಾರು ರೂಪಾಯಿ ವಾಪಸ್”

ಇದು ಕೋಚಿಂಗ್ ಮಾರುವವರೇ ಬೆಳೆಸಿದ ಕಲ್ಪನೆ. ಕೋಚಿಂಗ್ ಮೇಲೆ ಪ್ರೀತಿಯಿರುವ ನನಗೆ ಇದರ ಮೇಲೆಯೇ ಹೆಚ್ಚು ಸಿಟ್ಟು.

ಎರಡು ಅಂಕಿಗಳು ಊರೆಲ್ಲ ಸುತ್ತುತ್ತಿವೆ. ಮೊದಲನೆಯದು, ಹಾಕಿದ ಹಣಕ್ಕೆ 5.7 ಪಟ್ಟು ಲಾಭ. ಇದು 2001ರಲ್ಲಿ ಅಮೆರಿಕದ ಮ್ಯಾಂಚೆಸ್ಟರ್ ಎಂಬ ಕನ್ಸಲ್ಟಿಂಗ್ ಸಂಸ್ಥೆ 100 ಅಧಿಕಾರಿಗಳ ಮೇಲೆ ಮಾಡಿದ ಅಧ್ಯಯನದ್ದು. ಲಾಭ ಎಷ್ಟಾಯಿತು ಎಂದು ಅಂದಾಜು ಮಾಡಿದವರು ಯಾರು? ಕೋಚಿಂಗ್ ಪಡೆದ ಅಧಿಕಾರಿಗಳೇ. ತಿಂಗಳುಗಟ್ಟಲೆ ಕಂಪನಿ ಹಣದಲ್ಲಿ ಕೋಚ್ ಜೊತೆ ಕೂತವರನ್ನು, ಇದರಿಂದ ಕಂಪನಿಗೆ ಎಷ್ಟು ಲಾಭವಾಯಿತು ಎಂದರೆ, ಕಡಿಮೆ ಹೇಳಲು ಯಾರಿಗೆ ಮನಸ್ಸು ಬರುತ್ತದೆ? ಎರಡನೆಯದು, ಬರೀ ತರಬೇತಿಯಿಂದ ಉತ್ಪಾದಕತೆ 22.4 ಶೇಕಡ ಏರಿದರೆ ಕೋಚಿಂಗ್ ಸೇರಿಸಿದಾಗ 88 ಶೇಕಡ ಏರಿತು ಎಂಬುದು. 1997ರಲ್ಲಿ ಪ್ರಕಟವಾದ ಈ ಅಧ್ಯಯನ ನಡೆದದ್ದು ಒಂದೇ ಒಂದು ಸರ್ಕಾರಿ ಸಂಸ್ಥೆಯಲ್ಲಿ, 31 ಮ್ಯಾನೇಜರುಗಳ ಮೇಲೆ. ಅದನ್ನು ಜಗತ್ತಿನ ಎಲ್ಲ ಕಂಪನಿಗಳಿಗೂ ಹಚ್ಚಿ ಪವರ್‌ಪಾಯಿಂಟಿನಲ್ಲಿ ತೋರಿಸುತ್ತಾರೆ.

ಹಾಗಾದರೆ ನಂಬಬಹುದಾದದ್ದು ಏನು? ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿ ನೋಡಿದ ಸಂಶೋಧನೆಗಳಿವೆ. 2014ರಲ್ಲಿ ಆಮ್‌ಸ್ಟರ್‌ಡ್ಯಾಮಿನ ತೀಬೂಮ್ ಮತ್ತು ಜೊತೆಗಾರರು 18 ಅಧ್ಯಯನಗಳನ್ನು ಪರಿಶೀಲಿಸಿದರು. ಕೆಲಸದ ಸಾಮರ್ಥ್ಯ, ನೆಮ್ಮದಿ, ಒತ್ತಡ ನಿಭಾಯಿಸುವ ಶಕ್ತಿ, ಕೆಲಸದ ಬಗೆಗಿನ ಭಾವನೆ, ಗುರಿಯ ಕಡೆಗೆ ತನ್ನನ್ನು ತಾನು ನಡೆಸಿಕೊಳ್ಳುವ ಶಿಸ್ತು, ಈ ಐದರಲ್ಲೂ ಕೋಚಿಂಗ್‌ನಿಂದ ಒಳ್ಳೆಯದಾಗಿರುವುದು ಕಂಡಿತು. 2016ರಲ್ಲಿ ಬ್ರಿಟನ್ನಿನ ಜೋನ್ಸ್, ವುಡ್ಸ್, ಗಿಯೋಮ್ 17 ಅಧ್ಯಯನಗಳನ್ನು ಸೇರಿಸಿ ನೋಡಿದಾಗಲೂ ಫಲಿತಾಂಶ ಒಳ್ಳೆಯದೇ. ಪವಾಡವಿಲ್ಲ, ಆದರೆ ಗಟ್ಟಿಯಾದ ಉಪಯೋಗವಿದೆ. ನನಗೆ ಇಷ್ಟು ಸಾಕು. ಆ ಲಾಟ್ ಗಿರಾಕಿಯವರೆಗೆ ಹೋಗಿದ್ದರೆ ಎಷ್ಟು ನಷ್ಟವಾಗುತ್ತಿತ್ತು ಎಂದು ನಾನು ಲೆಕ್ಕ ಹಾಕಬಲ್ಲೆ. ಆದರೆ ಅದನ್ನು ತಡೆದದ್ದರಲ್ಲಿ ಕೋಚ್ ಪಾಲೆಷ್ಟು, ಎರಡು ದಿನ ಬಿಡದೆ ಹೇಳಲು ನೋಡಿದ ಆ ಕ್ವಾಲಿಟಿ ಇನ್‌ಸ್ಪೆಕ್ಟರ್ ಪಾಲೆಷ್ಟು ಎಂದು ಯಾರು ಹಂಚುವುದು?

ಜೋನ್ಸ್ ಅವರ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಮೇಲಿನವರು, ಕೆಳಗಿನವರು, ಸಮಾನರು ಎಲ್ಲರಿಂದ ಅಭಿಪ್ರಾಯ ಪಡೆಯುವ 360 ಡಿಗ್ರಿ ಫೀಡ್‌ಬ್ಯಾಕ್ ಬಳಸಿದ ಕಡೆ ಕೋಚಿಂಗ್‌ನ ಪರಿಣಾಮ ಹೆಚ್ಚುವುದರ ಬದಲು ಕಡಿಮೆಯಿತ್ತು. 360 ಇಲ್ಲದೆ ಕೋಚಿಂಗ್ ಶುರುವೇ ಆಗದು ಎಂದು ನಂಬಿದ ಎಚ್‌ಆರ್‌ನವರು ಇದನ್ನು ಗಮನಿಸಬೇಕು. ಫೀಡ್‌ಬ್ಯಾಕ್ ಕೊಟ್ಟ ಮಾತ್ರಕ್ಕೆ ಕೆಲಸ ಸುಧಾರಿಸುವುದಿಲ್ಲ ಎಂದು ಕ್ಲೂಗರ್ ಮತ್ತು ಡೆನಿಸಿ 1996ರಲ್ಲೇ ತೋರಿಸಿದ್ದರು. ಅವರು ನೋಡಿದ ಪ್ರಸಂಗಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವುಗಳಲ್ಲಿ ಫೀಡ್‌ಬ್ಯಾಕ್ ನಂತರ ಕೆಲಸ ಇನ್ನಷ್ಟು ಕೆಟ್ಟಿತ್ತು. ಹನ್ನೆರಡು ಜನ ಹೆಸರು ಹೇಳದೆ ಬರೆದ ಮಾತುಗಳನ್ನು ಒಟ್ಟಿಗೆ ಓದಿದವರು, ತಿದ್ದಿಕೊಳ್ಳುವ ಮೊದಲು ಯಾರು ಬರೆದಿರಬಹುದೆಂದು ಹುಡುಕಲು ಕೂರುತ್ತಾರೆ. ನಾನು ಕಂಡಿದ್ದೇನೆ.

“ದುಬಾರಿ, ಹೊರಗಿನವರೇ ಬೇಕು, ಎದುರುಬದುರೇ ಕೂರಬೇಕು”

ಅದೇ 2016ರ ಅಧ್ಯಯನದಲ್ಲಿ ಕಂಪನಿಯೊಳಗಿನ ಕೋಚ್‌ಗಳ ಪರಿಣಾಮ ಹೊರಗಿನವರಿಗಿಂತ ಹೆಚ್ಚಿತ್ತು. ಮುಖಾಮುಖಿ ಭೇಟಿಯ ಜೊತೆ ಫೋನ್, ಕಂಪ್ಯೂಟರ್ ಬೆರೆಸಿದರೂ ವ್ಯತ್ಯಾಸ ಕಾಣಲಿಲ್ಲ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಫೌಂಡ್ರಿ ನಡೆಸುವವರಿಗೆ ಬೆಂಗಳೂರಿನ ಕೋಚ್ ಎಟುಕುವುದಿಲ್ಲ ಎಂದು ಕೊರಗುವ ಅಗತ್ಯವಿಲ್ಲ.

“ಮನಸ್ಸಿನ ಎಲ್ಲ ತೊಂದರೆಗೂ ಕೋಚ್ ಮದ್ದು”

ಇಲ್ಲ, ಹಾಗೆ ನಂಬಿದರೆ ಅಪಾಯವಿದೆ. ಮನೋವಿಜ್ಞಾನ ಬಲ್ಲ ಸ್ಟೀವನ್ ಬರ್ಗ್ಲಾಸ್ 2002ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಆಳದ ಮಾನಸಿಕ ತೊಂದರೆಯನ್ನು ಬರೀ ನಡವಳಿಕೆಯ ದೋಷವೆಂದು ತಿಳಿದು ಚಿಕಿತ್ಸೆಯ ತರಬೇತಿಯಿಲ್ಲದ ಕೋಚ್ ಕೈ ಹಾಕಿದರೆ, ಇರುವುದೂ ಕೆಡುತ್ತದೆ. ವಾರಗಟ್ಟಲೆ ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸೆಯಿಲ್ಲದಿರುವುದು, ಕುಡಿತ ಕೈಮೀರುವುದು, ಬದುಕು ಸಾಕೆನಿಸುವುದು, ಇವು ಕೋಚ್ ಎದುರು ಬಂದರೆ ಒಳ್ಳೆಯ ಕೋಚ್ ಮಾಡುವ ಮೊದಲ ಕೆಲಸ ವೈದ್ಯರ ಬಳಿಗೆ ಕಳಿಸುವುದು. ಹೆಚ್ಚು ದೂರ ಹೋಗಬೇಕಿಲ್ಲ. ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಹುದ್ದೆಯವರು ಮನೋವೈದ್ಯರ ಬಳಿ ಹೋದರೆ ಹೆಸರು ಕೆಡುತ್ತದೆಂದು ಕೋಚ್ ಬಳಿಗೆ ಬರುವುದುಂಟು. ಅಂಥವರ ಬಗ್ಗೆ ನನಗೆ ಸಂಕಟವಾಗುತ್ತದೆ.

“ಸರ್ಟಿಫಿಕೇಟ್ ಇದ್ದರೆ ಸಾಕು”

ವೈದ್ಯರಿಗೆ, ವಕೀಲರಿಗೆ ಇರುವಂಥ ಕಾನೂನುಬದ್ಧ ನೋಂದಣಿ ನಮ್ಮ ದೇಶದಲ್ಲಿ ಕೋಚ್‌ಗಳಿಗಿಲ್ಲ. ಯಾರು ಬೇಕಾದರೂ ಕಾರ್ಡ್ ಛಾಪಿಸಬಹುದು. 1995ರಲ್ಲಿ ಥಾಮಸ್ ಲೆನಾರ್ಡ್ ಎಂಬ ಅಮೆರಿಕದ ಹಣಕಾಸು ಸಲಹೆಗಾರರು ಹುಟ್ಟುಹಾಕಿದ ಐಸಿಎಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಮೂರು ಹಂತದ ಮನ್ನಣೆ ಕೊಡುತ್ತದೆ. ಮೊದಲ ಹಂತ ಎಸಿಸಿಗೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ನಡುವಿನ ಪಿಸಿಸಿಗೆ 125 ಗಂಟೆ ತರಬೇತಿ ಮತ್ತು 500 ಗಂಟೆ ಅನುಭವ. ಮೇಲಿನ ಎಂಸಿಸಿಗೆ 200 ಮತ್ತು 2,500 ಗಂಟೆ. ಇದೇ ಒಕ್ಕೂಟದ 2023ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 1,09,200 ಕೋಚ್‌ಗಳಿದ್ದರು. ಅದಕ್ಕೂ ಹಿಂದಿನ ಅಂದಾಜಿನಲ್ಲಿ ಇದ್ದದ್ದು ಸುಮಾರು 71,000. ಇಷ್ಟು ಬೇಗ ಬೆಳೆಯುವ ಕಸುಬಿನಲ್ಲಿ ಜೊಳ್ಳೂ ಇರುತ್ತದೆ.

ಈ ಮನ್ನಣೆ ಇದ್ದರೆ ಒಳ್ಳೆಯದು. ಆದರೆ ಇಬ್ಬರಿಗೂ ಹೊಂದಿಕೆಯಾಗುತ್ತದೆಯೇ ಎಂಬುದನ್ನು ಅದು ತೋರಿಸಲಾರದು. ಕೋಚ್ ಮತ್ತು ಪಡೆಯುವವರ ನಡುವಿನ ಸಂಬಂಧ ಎಷ್ಟು ಗಟ್ಟಿ ಎಂಬುದರ ಮೇಲೆ ಫಲ ಬಹಳ ಮಟ್ಟಿಗೆ ನಿಂತಿದೆ ಎಂದು ಎರಿಕ್ ಡಿ ಹಾನ್ ಅಂಥ ಸಂಶೋಧಕರು ಹೇಳುತ್ತ ಬಂದಿದ್ದಾರೆ. ಕಂಪನಿ ಒಬ್ಬರನ್ನೇ ನಿಗದಿ ಮಾಡಿ ಕಳಿಸಿದರೆ ಒಪ್ಪಬೇಡಿ. ಇಬ್ಬರು ಮೂವರ ಜೊತೆ ಅರ್ಧರ್ಧ ಗಂಟೆ ಮಾತಾಡಿ. ಆ ಅರ್ಧ ಗಂಟೆಯಲ್ಲಿ ಯಾರು ಹೆಚ್ಚು ಮಾತಾಡಿದರು ಎಂದು ನೋಡಿಕೊಳ್ಳಿ. ಕೋಚ್ ಆಗಿದ್ದರೆ ಬೇರೆಯವರನ್ನು ಹುಡುಕಿ.

“ಲಾಭವೆಲ್ಲ ಆ ಒಬ್ಬರಿಗೆ, ಸಂಸ್ಥೆಗೇನು?”

ಹಣ ಮಂಜೂರು ಮಾಡುವವರ ಪ್ರಶ್ನೆ ಇದು, ನ್ಯಾಯವಾದದ್ದು. ಕೋಚ್ ಕೋಣೆಯೊಳಗಿನ ಅರಿವು ಅಲ್ಲೇ ಉಳಿದರೆ ಸಂಸ್ಥೆಗೆ ಏನೂ ಇಲ್ಲ. ಮಾರ್ಷಲ್ ಗೋಲ್ಡ್‌ಸ್ಮಿತ್ ಎಂಬ ಹೆಸರಾಂತ ಅಮೆರಿಕನ್ ಕೋಚ್ ಮತ್ತು ಹೊವರ್ಡ್ ಮಾರ್ಗನ್ 8 ದೊಡ್ಡ ಕಂಪನಿಗಳಲ್ಲಿ 86,000ಕ್ಕೂ ಹೆಚ್ಚು ಮಂದಿಯ ಉತ್ತರ ಪಡೆದು 2004ರಲ್ಲಿ ಪ್ರಕಟಿಸಿದರು. ತಾನು ಏನನ್ನು ತಿದ್ದಿಕೊಳ್ಳಲು ಹೊರಟಿದ್ದೇನೆ ಎಂದು ಜೊತೆಗಿರುವವರಿಗೆ ಹೇಳಿ, ಮತ್ತೆ ಮತ್ತೆ ಹೋಗಿ ಹೇಗಾಗುತ್ತಿದೆ ಎಂದು ಕೇಳಿದ ನಾಯಕರು ಬದಲಾದರೆಂದು ಅವರ ಜೊತೆಗಾರರೇ ಹೇಳಿದರು. ಕೇಳದವರಲ್ಲಿ ಬದಲಾವಣೆ ಕಾಣಲಿಲ್ಲ ಎನ್ನುವಷ್ಟು ಕಡಿಮೆ. ಗೋಲ್ಡ್‌ಸ್ಮಿತ್ ತಮ್ಮ ಶುಲ್ಕವನ್ನೂ ಇದಕ್ಕೇ ಕಟ್ಟಿಕೊಂಡವರು. ಸುಧಾರಿಸಿದ್ದಾರೆಂದು ಸುತ್ತಲಿನವರು ಹೇಳಿದರೆ ಮಾತ್ರ ಹಣ.

ಕ್ಯಾಂಪ್‌ಬೆಲ್ ಸಲಹೆಯಿಂದ ಗೂಗಲ್‌ನ ಸೋಮವಾರದ ಮೀಟಿಂಗ್ ಶುರುವಾಗುತ್ತಿದ್ದುದು ವಾರಾಂತ್ಯ ಹೇಗೆ ಕಳೆಯಿತು, ಎಲ್ಲಿಗೆ ಹೋಗಿದ್ದಿರಿ ಎಂಬ ಮಾತಿನಿಂದ. ಹಗುರವಾದದ್ದು ಅನ್ನಿಸಬಹುದು. ಮನೆಯ ಮಾತಾಡಿ ಬಾಯಿ ತೆರೆದವರಿಗೆ ಆಮೇಲೆ ಕೆಲಸದ ವಿಷಯದಲ್ಲಿ ಭಿನ್ನಾಭಿಪ್ರಾಯ ಹೇಳುವುದು ಸುಲಭ.

ನಾನು ಮಾಡಿದ್ದು ಇನ್ನೂ ಚಿಕ್ಕದು. ಗೇಜಿನ ಪ್ರಸಂಗದ ಮರುವಾರ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದೆ: “ನಾನು ಮಾತು ಮುಗಿಯೋಕೆ ಬಿಡ್ತಿಲ್ಲ ಅಂತ ಗೊತ್ತಾಗಿದೆ. ಇನ್ಮೇಲೆ ಕಡೇಲಿ ಮಾತಾಡ್ತೀನಿ. ತಪ್ಪಿದ್ರೆ ಹೇಳಿ.” ಮೂರು ವಾರ ಯಾರೂ ಏನೂ ಹೇಳಲಿಲ್ಲ, ನಾನು ತಪ್ಪಿದ್ದರೂ. ನಾಲ್ಕನೇ ವಾರ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರು, “ಸರ್, ನಂದು ಇನ್ನೂ ಮುಗೀಲಿಲ್ಲ,” ಎಂದರು. ಕೋಣೆಯಲ್ಲಿ ಉಸಿರು ನಿಂತಂತಾಯಿತು. “ಹೇಳಿ,” ಎಂದೆ. ಆ ವರ್ಷದ ಕೊನೆಗೆ ಅವರೆಲ್ಲ ನನ್ನೆದುರೇ ಒಬ್ಬರಿಗೊಬ್ಬರು “ತಡೀರಿ, ಅವರು ಮುಗಿಸ್ಲಿ” ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಕೋಚ್ ಜೊತೆಗಿನ ನನ್ನ ಎಂಟು ತಿಂಗಳು ಮುಗಿದು ಹೋಗಿತ್ತು.

ಮೊದಲು 25 ನಿಮಿಷದಲ್ಲಿ ಮುಗಿಯುತ್ತಿದ್ದ ಆ ಮೀಟಿಂಗ್ ಈಗ 40 ನಿಮಿಷ ಹಿಡಿಯುತ್ತದೆ. ಕ್ವಾಲಿಟಿಯವರಿಗೆ ಹೇಳುವುದು ಎರಡು ವಿಷಯವಿದ್ದರೆ ಎರಡೂ ಮಿನಿಟ್ಸ್‌ನಲ್ಲಿ ಬರೆದಿರುತ್ತದೆ.